‘ಕಾಗಜ್ ಕೆ ಫೂಲ್’: ಅಗಲಿಕೆಯ ದೃಶ್ಯಭಾಷೆ ಮತ್ತು ಅದರ ಚರಿತ್ರೆ

ಭಾರತೀಯ ಚಲನಚಿತ್ರದ ಇತಿಹಾಸದಲ್ಲಿ ಕೆಲವು ಕೃತಿಗಳು ತಮ್ಮ ಯಶಸ್ಸಿನಿಂದ ನೆನಪಿನಲ್ಲಿ ಉಳಿದರೆ, ಕೆಲವು ತಮ್ಮ ಸೋಲಿನಿಂದಲೇ ಚರಿತ್ರೆಯ ಭಾಗವಾಗಿವೆ. ಗುರುದತ್ತ್ ನಿರ್ಮಿಸಿ, ನಿರ್ದೇಶಿಸಿ, ಪ್ರಧಾನ ಪಾತ್ರವನ್ನೂ ವಹಿಸಿದ ‘ಕಾಗಜ್ ಕೆ ಫೂಲ್’ (1959) ಎರಡನೆಯ ವರ್ಗಕ್ಕೆ ಸೇರಿದ ಹಿಂದಿ ಚಿತ್ರ. ಪರಸ್ಪರ ಒಲಿದೂ ಕೂಡಿ ಬಾಳಲಾಗದೆ ದೂರವಾದ ಇಬ್ಬರ ಕಥೆಯನ್ನು ಹೇಳುವ ಈ ಕೃತಿ, ಬಿಡುಗಡೆಯಾದ ಕಾಲದಲ್ಲಿ ಪ್ರೇಕ್ಷಕರಿಂದ ತಿರಸ್ಕೃತವಾಯಿತು. ಸುಮಾರು ಎರಡು ದಶಕಗಳ ತರುವಾಯ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಸ್ಥಾನ ಪಡೆಯಿತು. ಈ ಏಳುಬೀಳಿನ ನಡುವೆ ಚಿತ್ರದ ಸುತ್ತ ಒಂದು ದಂತಕಥೆ ಬೆಳೆದುಕೊಂಡಿದೆ. ಸೋತ ನಿರ್ದೇಶಕನೊಬ್ಬನ ಕಥೆಯನ್ನು ಹೇಳಿದ ನಿರ್ದೇಶಕ ತಾನೂ ಸೋತು, ಆ ಸೋಲಿನಲ್ಲಿಯೇ ಅಳಿದುಹೋದ ಎಂಬುದು ಆ ದಂತಕಥೆಯ ಸಾರ. ಈ ಕಥನ ಎಷ್ಟು ಪ್ರಬಲವಾಗಿದೆಯೆಂದರೆ ಚಿತ್ರವನ್ನು ಚಿತ್ರವಾಗಿ ನೋಡುವುದಕ್ಕೇ ಅದು ಅಡ್ಡಿಯಾಗಿದೆ. ಚಿತ್ರದ ರಚನೆ, ಅದರ ತಾಂತ್ರಿಕ ಸಾಹಸ, ಅದರ ಹಿಂದಿನ ಸಾಮೂಹಿಕ ಶ್ರಮ ಹಾಗೂ ಅದು ದಾಖಲಿಸಿದ ಕಾಲ ಇವುಗಳನ್ನು ದಂತಕಥೆಯಿಂದ ಬೇರ್ಪಡಿಸಿ ನೋಡಬೇಕಾದ ಅಗತ್ಯವಿದೆ.

ಈ ಅಗತ್ಯಕ್ಕೆ ಕರ್ನಾಟಕದ ದೃಷ್ಟಿಯಿಂದ ಇನ್ನೊಂದು ಕಾರಣವೂ ಇದೆ. ಚಿತ್ರದ ನಿರ್ದೇಶಕ ಹುಟ್ಟಿದ್ದು ಬೆಂಗಳೂರಿನಲ್ಲಿ, ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ತಮ್ಮ ವಿದ್ಯೆಯನ್ನು ಕಲಿತದ್ದು ಬೆಂಗಳೂರಿನಲ್ಲಿ. ಈ ಎರಡು ನಂಟುಗಳ ತೂಕ ಒಂದೇ ಅಲ್ಲ. ಮೊದಲನೆಯದು ಜನ್ಮದ ನಂಟು. ಎರಡನೆಯದು ವಿದ್ಯೆಯ ನಂಟು. ಇವೆರಡರ ನಡುವಣ ವ್ಯತ್ಯಾಸವನ್ನು ಮರೆತು ಅಭಿಮಾನಪಡುವುದರಿಂದ ಚರಿತ್ರೆಗೆ ಲಾಭವಿಲ್ಲ.

1. ಇಬ್ಬರು ಸಹಯೋಗಿಗಳು

ಗುರುದತ್ತ್ ಜನಿಸಿದ್ದು 1925ರ ಜುಲೈ 9ರಂದು. ಶಿವಶಂಕರ ರಾವ್ ಪಡುಕೋಣೆ ಮತ್ತು ವಾಸಂತಿ ಪಡುಕೋಣೆ ಅವರ ಮಗನಾದ ಅವರ ಮೊದಲ ಹೆಸರು ವಸಂತಕುಮಾರ. ಕೊಂಕಣಿ ಮನೆಮಾತಿನ ಚಿತ್ರಾಪುರ ಸಾರಸ್ವತ ಕುಟುಂಬ ಅದು. ಆದರೆ ಅವರ ಬಾಲ್ಯ ಕಳೆದದ್ದು ಕಲ್ಕತ್ತೆಯಲ್ಲಿ. ಅವರ ಸಂವೇದನೆಯನ್ನು ರೂಪಿಸಿದ್ದು ಬಂಗಾಳದ ಸಾಹಿತ್ಯ, ಸಂಗೀತ ಮತ್ತು ಜನಜೀವನ. 1942ರಿಂದ 1944ರವರೆಗೆ ಆಲ್ಮೋರಾದಲ್ಲಿ ಉದಯ ಶಂಕರ್ ಅವರ ನೃತ್ಯಕೇಂದ್ರದಲ್ಲಿ ಕಲಿತು, ಸ್ವಲ್ಪ ಕಾಲ ಕಲ್ಕತ್ತೆಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದು, 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯನ್ನು ಸೇರಿದರು. ದೇವಾನಂದ್ ಅವರ ಸ್ನೇಹ ದೊರೆತದ್ದು ಅಲ್ಲಿಯೇ. ಆ ಸ್ನೇಹದ ಫಲವಾಗಿ ನವಕೇತನ್ ಸಂಸ್ಥೆಯ ‘ಬಾಜಿ’ (1951) ಚಿತ್ರದ ನಿರ್ದೇಶನ ಅವರಿಗೆ ಒಲಿಯಿತು. ಅದಕ್ಕೆ ಮುನ್ನ ಅಮಿಯ ಚಕ್ರವರ್ತಿ ಮತ್ತು ಜ್ಞಾನ್ ಮುಖರ್ಜಿ ಅವರಿಗೆ ಸಹಾಯಕರಾಗಿ ಅವರು ದುಡಿದಿದ್ದರು.

ವಿ.ಕೆ. ಮೂರ್ತಿ ಜನಿಸಿದ್ದು 1923ರ ನವೆಂಬರ್ 26ರಂದು, ಮೈಸೂರಿನಲ್ಲಿ. ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿ ಸೆರೆವಾಸವನ್ನೂ ಕಂಡ ಅವರು, ಪಿಟೀಲು ವಾದನದಲ್ಲಿಯೂ ಪರಿಶ್ರಮ ಉಳ್ಳವರಾಗಿದ್ದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು 1946ರ ಹೊತ್ತಿಗೆ ಬೊಂಬಾಯಿಯತ್ತ ಹೊರಟರು. ಚಲನಚಿತ್ರದ ಕಸುಬನ್ನು ಸ್ಟುಡಿಯೊಗಳಲ್ಲಿ ಗುರುವಿನ ಕೈಕೆಳಗೆ ಮಾತ್ರ ಕಲಿಯಬಹುದಾಗಿದ್ದ ಕಾಲದಲ್ಲಿ, ಅದನ್ನು ತರಗತಿಯಲ್ಲಿ ಕ್ರಮಬದ್ಧವಾಗಿ ಕಲಿಸಿದ ವಿರಳ ಸಂಸ್ಥೆಗಳಲ್ಲಿ ಈ ಪಾಲಿಟೆಕ್ನಿಕ್ ಒಂದು. ಪುಣೆಯಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾದದ್ದು 1960ರಲ್ಲಿ ಎಂಬುದನ್ನು ನೆನೆದರೆ ಮೈಸೂರು ಸಂಸ್ಥಾನದ ಈ ಉಪಕ್ರಮದ ಮಹತ್ತ್ವ ಸ್ಪಷ್ಟವಾಗುತ್ತದೆ. ಮುಂದೆ ಗೋವಿಂದ ನಿಹಲಾನಿ ಅವರೂ ಇದೇ ಸಂಸ್ಥೆಯಲ್ಲಿ ಕಲಿತು ಮೂರ್ತಿ ಅವರಿಗೆ ಸಹಾಯಕರಾದರು.

‘ಬಾಜಿ’ ಚಿತ್ರದ ವೇಳೆ ಮೂರ್ತಿ ಸಹಾಯಕ ಛಾಯಾಗ್ರಾಹಕರಷ್ಟೆ. ಕ್ಯಾಮೆರಾವನ್ನು ಚಲಿಸುವ ಬಗೆಯಲ್ಲಿ ಅವರು ತೋರಿದ ಕೌಶಲ ಗುರುದತ್ತ್ ಗಮನವನ್ನು ಸೆಳೆಯಿತು. ‘ಜಾಲ್’ (1952) ಚಿತ್ರದಿಂದ ಮೊದಲ್ಗೊಂಡು ‘ಬಾಜ್’ (1953), ‘ಆರ್ ಪಾರ್’ (1954), ‘ಮಿಸ್ಟರ್ ಅಂಡ್ ಮಿಸೆಸ್ 55’ (1955), ‘ಪ್ಯಾಸಾ’ (1957) ಇವುಗಳಲ್ಲಿ ಇಬ್ಬರ ಸಹಯೋಗ ಮುಂದುವರಿಯಿತು. ‘ಕಾಗಜ್ ಕೆ ಫೂಲ್’ ಆ ಸಹಯೋಗದ ತುದಿ.

2. ಕಥೆ ಮತ್ತು ಕಥೆಯೊಳಗಿನ ಕಾಲ

ಚಿತ್ರಕಥೆಯನ್ನು ರಚಿಸಿದವರು ಅಬ್ರಾರ್ ಅಲ್ವಿ. ಮುದುಕನಾದ, ಹರಕು ಬಟ್ಟೆಯ ಸುರೇಶ್ ಸಿನ್ಹಾ ತಾನು ಒಂದು ಕಾಲದಲ್ಲಿ ಆಳಿದ ಸ್ಟುಡಿಯೊವನ್ನು ಹೊಕ್ಕು, ದೀಪಗಳನ್ನು ಕಟ್ಟುವ ಮೇಲಟ್ಟಕ್ಕೆ ಏರಿ, ಕೆಳಗಿನ ಬರಿದಾದ ನೆಲವನ್ನು ನೋಡುವುದರೊಂದಿಗೆ ಚಿತ್ರ ಆರಂಭವಾಗುತ್ತದೆ. ಅಲ್ಲಿಂದ ಮುಂದಿನದೆಲ್ಲ ಹಿನ್ನೋಟ. ಸುರೇಶ್ ಹೆಸರುವಾಸಿಯಾದ ನಿರ್ದೇಶಕ. ಹೆಂಡತಿ ವೀಣಾ ದಿಲ್ಲಿಯ ಶ್ರೀಮಂತ, ಪಾಶ್ಚಾತ್ಯ ರೀತಿನೀತಿಯ ಕುಟುಂಬದವಳು. ಸಿನಿಮಾದವನನ್ನು ಅಳಿಯನೆಂದು ಒಪ್ಪಿಕೊಳ್ಳಲು ಆ ಮನೆತನಕ್ಕೆ ನಾಚಿಕೆ. ಗಂಡಹೆಂಡಿರು ಬೇರೆಯಾಗಿದ್ದಾರೆ; ಮಗಳು ಪಮ್ಮಿ ಡೆಹ್ರಾಡೂನಿನ ವಸತಿಶಾಲೆಯಲ್ಲಿದ್ದಾಳೆ. ಮಳೆ ಸುರಿಯುವ ಒಂದು ರಾತ್ರಿ ದಿಲ್ಲಿಯಲ್ಲಿ ಮರದಡಿ ನಿಂತಿದ್ದ ಶಾಂತಿಯೆಂಬ ತರುಣಿಗೆ ಸುರೇಶ್ ತನ್ನ ಕೋಟನ್ನು ಕೊಡುತ್ತಾನೆ. ಅದನ್ನು ಹಿಂದಿರುಗಿಸಲು ಬೊಂಬಾಯಿಯ ಸ್ಟುಡಿಯೊಗೆ ಬಂದ ಅವಳು ಅರಿಯದೆ ಕ್ಯಾಮೆರಾದ ಎದುರು ಹಾದುಹೋಗುತ್ತಾಳೆ. ಚಿತ್ರೀಕರಿಸಿದ ಭಾಗವನ್ನು ಪರದೆಯ ಮೇಲೆ ನೋಡುವಾಗ ತಾನು ತೆಗೆಯುತ್ತಿರುವ ‘ದೇವದಾಸ್’ ಚಿತ್ರದ ಪಾರೋಳನ್ನು ಸುರೇಶ್ ಅವಳಲ್ಲಿ ಕಾಣುತ್ತಾನೆ. ಶಾಂತಿ ತಾರೆಯಾಗುತ್ತಾಳೆ. ಇಬ್ಬರೂ ಒಂಟಿಗಳು, ಒಬ್ಬರನ್ನೊಬ್ಬರು ಆಶ್ರಯಿಸುತ್ತಾರೆ.

ಗಾಳಿಮಾತು ಹಬ್ಬಿ, ಶಾಲೆಯಲ್ಲಿ ಸಹಪಾಠಿಗಳ ಕುಹಕಕ್ಕೆ ಗುರಿಯಾದ ಪಮ್ಮಿ ಶಾಂತಿಯ ಬಳಿಗೆ ಬಂದು ತಂದೆಯ ಬಾಳಿನಿಂದ ದೂರವಾಗುವಂತೆ ಬೇಡುತ್ತಾಳೆ. ಶಾಂತಿ ಚಿತ್ರರಂಗವನ್ನೇ ಬಿಟ್ಟು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿಯಾಗುತ್ತಾಳೆ. ಇತ್ತ ಮಗಳ ಪಾಲನೆಯ ಹಕ್ಕಿಗಾಗಿ ಹೂಡಿದ ದಾವೆಯನ್ನು ಸೋತ ಸುರೇಶ್ ಕುಡಿತಕ್ಕೆ ಶರಣಾಗುತ್ತಾನೆ, ಚಿತ್ರಗಳು ಸೋಲುತ್ತವೆ, ಮನೆ ಹೋಗುತ್ತದೆ. ಕರಾರಿನ ಒತ್ತಾಯದಿಂದ ಚಿತ್ರರಂಗಕ್ಕೆ ಮರಳುವ ಶಾಂತಿ, ನಿರ್ದೇಶನವನ್ನು ಸುರೇಶನಿಗೆ ಕೊಡಬೇಕೆಂದು ಪಟ್ಟುಹಿಡಿದರೂ ಅವಳ ದಯೆಯಿಂದ ಬರುವ ಕೆಲಸವನ್ನು ಅವನ ಸ್ವಾಭಿಮಾನ ಒಪ್ಪುವುದಿಲ್ಲ. ಕಡೆಗೆ ಎಕ್ಸ್‌ಟ್ರಾ ನಟನಾಗಿ ಅದೇ ಸ್ಟುಡಿಯೊಗೆ ಬಂದಾಗ ಶಾಂತಿ ಗುರುತು ಹಿಡಿಯುತ್ತಾಳೆ, ಅವನು ಓಡಿಹೋಗುತ್ತಾನೆ. ಚಿತ್ರ ಆರಂಭದ ನೆಲೆಗೆ ಮರಳಿದಾಗ ಮುದುಕ ಸುರೇಶ್ ನಿರ್ದೇಶಕನ ಕುರ್ಚಿಯಲ್ಲಿ ಕುಳಿತು ಪ್ರಾಣ ಬಿಟ್ಟಿರುತ್ತಾನೆ. ಬೆಳಿಗ್ಗೆ ಕೆಲಸಕ್ಕೆ ಬಂದವರು ಹೆಣವನ್ನು ಕಂಡು ಬೆಚ್ಚಿದರೂ ಆ ದಿನದ ಚಿತ್ರೀಕರಣ ನಿಲ್ಲಬಾರದೆಂಬ ಆತುರವೇ ಮೇಲಾಗುತ್ತದೆ.

ಈ ಕಥೆಯೊಳಗಿನ ಕಾಲ 1959 ಅಲ್ಲ ಎಂಬ ಅಂಶ ಅನೇಕ ವಿಮರ್ಶೆಗಳಲ್ಲಿ ಗಮನಕ್ಕೆ ಬಂದಿಲ್ಲ. ಹಿನ್ನೋಟವು ಕೊಂಡೊಯ್ಯುವುದು ಸ್ಟುಡಿಯೊಗಳು ಪ್ರಬಲವಾಗಿದ್ದ ಹಿಂದಿನ ಯುಗಕ್ಕೆ. ಸುರೇಶ್ ತೆಗೆಯುತ್ತಿರುವ ಚಿತ್ರ ‘ದೇವದಾಸ್’ ಆಗಿರುವುದು ಕಾಕತಾಳೀಯವಲ್ಲ. ಶರಚ್ಚಂದ್ರರ 1917ರ ಆ ಕಾದಂಬರಿಯನ್ನು ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ಗಾಗಿ ಪಿ.ಸಿ. ಬರುವಾ 1935ರಲ್ಲಿ ತೆರೆಗೆ ತಂದರು. ಬಿಮಲ್ ರಾಯ್ 1955ರಲ್ಲಿ ಮತ್ತೆ ಚಿತ್ರಿಸಿದರು. ಗುರುದತ್ತ್ ಬೆಳೆದದ್ದು ನ್ಯೂ ಥಿಯೇಟರ್ಸ್‌ನ ವೈಭವದ ಕಾಲದ ಕಲ್ಕತ್ತೆಯಲ್ಲಿ. ಕಸುಬು ಕಲಿತದ್ದು ಪ್ರಭಾತ್‌ನಲ್ಲಿ. ನಿರ್ದೇಶಕರು, ನಟರು, ತಂತ್ರಜ್ಞರು, ಕಾರ್ಮಿಕರು ತಿಂಗಳ ಸಂಬಳಕ್ಕೆ ಒಂದೇ ಸೂರಿನಡಿ ದುಡಿಯುತ್ತಿದ್ದ ಆ ವ್ಯವಸ್ಥೆ 1950ರ ದಶಕದ ನಡುಭಾಗದ ಹೊತ್ತಿಗೆ ಕುಸಿದಿತ್ತು. ಪ್ರಭಾತ್, ಬಾಂಬೆ ಟಾಕೀಸ್, ನ್ಯೂ ಥಿಯೇಟರ್ಸ್ ಮೂರೂ ಚಿತ್ರನಿರ್ಮಾಣವನ್ನು ನಿಲ್ಲಿಸಿದ್ದವು. ತಾರೆಯರ ಸಂಭಾವನೆ, ಹಂಚಿಕೆದಾರರ ಮುಂಗಡ ಹಾಗೂ ಸ್ವತಂತ್ರ ನಿರ್ಮಾಪಕರ ಸಾಲದ ಮೇಲೆ ನಿಂತ ಹೊಸ ವ್ಯವಸ್ಥೆ ಅದರ ಸ್ಥಾನಕ್ಕೆ ಬಂದಿತ್ತು. ಆದುದರಿಂದ ‘ಕಾಗಜ್ ಕೆ ಫೂಲ್’ ಇಬ್ಬರು ಪ್ರೇಮಿಗಳ ವಿರಹದ ಕಥೆಯಾಗಿರುವಂತೆಯೇ, ಒಬ್ಬ ಕಸುಬುದಾರ ತನ್ನ ಕಸುಬಿನ ಮನೆಯಿಂದ ಅಗಲಿದ ಕಥೆಯೂ ಹೌದು. ಸುರೇಶ್ ಕಡೆಗೆ ಬಂದು ಸಾಯುವುದು ಪ್ರೇಯಸಿಯ ಮಡಿಲಲ್ಲಲ್ಲ, ಸ್ಟುಡಿಯೊದ ಕುರ್ಚಿಯಲ್ಲಿ.

3. ಪರದೆಯ ಅಗಲ, ಪಾತ್ರಗಳ ಅಗಲಿಕೆ

‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಫ್ರಾನ್ಸಿನ ಆನ್ರಿ ಕ್ರೆತಿಯೆಂ ಅವರ ಸಂಶೋಧನೆಯನ್ನು ಆಧರಿಸಿದ ಈ ವಿಧಾನವನ್ನು ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ 1953ರ ‘ದಿ ರೋಬ್’ ಚಿತ್ರದ ಮೂಲಕ ಬಳಕೆಗೆ ತಂದಿತ್ತು. ಅದರ ತತ್ತ್ವ ಸರಳವಾದದ್ದು. ಚಿತ್ರೀಕರಣದ ವೇಳೆ ಅನಾಮಾರ್ಫಿಕ್ ಮಸೂರವು ದೃಶ್ಯವನ್ನು ಅಡ್ಡಡ್ಡಲಾಗಿ ಅರ್ಧಕ್ಕೆ ಒತ್ತಿ ಸಾಮಾನ್ಯ ಅಗಲದ ಫಿಲ್ಮಿನ ಮೇಲೆ ಮೂಡಿಸುತ್ತದೆ. ಪ್ರದರ್ಶನದ ವೇಳೆ ಇನ್ನೊಂದು ಮಸೂರವು ಅದನ್ನು ಮತ್ತೆ ಹಿಗ್ಗಿಸಿ ಪರದೆಯ ಮೇಲೆ ಹರಡುತ್ತದೆ. ಸಾಮಾನ್ಯ ಚಿತ್ರದ ಅಗಲವು ಎತ್ತರದ 1.37ರಷ್ಟಿದ್ದರೆ ಸಿನಿಮಾಸ್ಕೋಪಿನಲ್ಲಿ ಅದು 2.35ರಷ್ಟಾಗುತ್ತದೆ.

ಹಾಲಿವುಡ್ಡಿನಲ್ಲಿ ಈ ವಿಧಾನವನ್ನು ಹೆಚ್ಚಾಗಿ ಬಳಸಿದ್ದು ಪುರಾಣೇತಿಹಾಸದ ವೈಭವಕ್ಕೆ, ಯುದ್ಧಕ್ಕೆ, ಬಯಲಿನ ವಿಸ್ತಾರಕ್ಕೆ. ಟೆಲಿವಿಷನ್ನಿನ ಪೈಪೋಟಿಯನ್ನು ಎದುರಿಸಲು ಕಣ್ಣು ತುಂಬುವ ದೃಶ್ಯಗಳನ್ನು ಒದಗಿಸುವುದು ಅದರ ಉದ್ದೇಶವಾಗಿತ್ತು. ಗುರುದತ್ತ್ ಮತ್ತು ಮೂರ್ತಿ ಅದನ್ನು ತದ್ವಿರುದ್ಧವಾದ ಕೆಲಸಕ್ಕೆ ಹಚ್ಚಿದರು. ಅವರ ಅಗಲವಾದ ಚೌಕಟ್ಟಿನಲ್ಲಿ ತುಂಬಿರುವುದು ಬರಿದು. ಚಿತ್ರದ ಮುಖ್ಯ ದೃಶ್ಯಗಳಲ್ಲಿ ಇಬ್ಬರು ವ್ಯಕ್ತಿಗಳು ಚೌಕಟ್ಟಿನ ಎರಡು ಅಂಚುಗಳತ್ತ ಸರಿದು ನಿಲ್ಲುತ್ತಾರೆ. ನಡುವೆ ಸ್ಟುಡಿಯೊದ ಖಾಲಿ ನೆಲ, ಕತ್ತಲೆ, ಧೂಳು. ಅವರಿಬ್ಬರ ನಡುವಣ ಅಂತರವನ್ನು ಹೇಳಲು ಸಂಭಾಷಣೆ ಬೇಕಾಗುವುದಿಲ್ಲ. ಪರದೆಯ ಅಗಲವೇ ಅದನ್ನು ಅಳೆದು ತೋರುತ್ತದೆ. ಕನ್ನಡದಲ್ಲಿ ವಿಸ್ತಾರವನ್ನು ಸೂಚಿಸುವ ‘ಅಗಲ’ ಮತ್ತು ಬೇರ್ಪಡುವುದನ್ನು ಸೂಚಿಸುವ ‘ಅಗಲು’ ಎಂಬ ಪದಗಳ ಸಾಮೀಪ್ಯವನ್ನು ಬಲ್ಲ ಓದುಗರಿಗೆ ಈ ದೃಶ್ಯತಂತ್ರದ ಔಚಿತ್ಯವನ್ನು ಬೇರೆ ವಿವರಿಸಬೇಕಾಗಿಲ್ಲ.

ಚೌಕಟ್ಟಿನ ಎತ್ತರವನ್ನೂ ಚಿತ್ರ ಅಷ್ಟೇ ಎಚ್ಚರದಿಂದ ಬಳಸಿಕೊಂಡಿದೆ. ಕಲಾ ನಿರ್ದೇಶಕ ಎಂ.ಆರ್. ಆಚ್ರೇಕರ್ ರೂಪಿಸಿದ ಸ್ಟುಡಿಯೊದ ಒಳಾಂಗಣದಲ್ಲಿ ಎತ್ತರದ ಕಂಬಗಳು, ಮೇಲಟ್ಟಗಳು, ನೆರಳು ಚೆಲ್ಲುವ ತೊಲೆಗಳು ಇವೆ. ಕ್ಯಾಮೆರಾ ಮೇಲಿನಿಂದ ನೋಡುವಾಗ ಮನುಷ್ಯ ಕುಗ್ಗಿ ಒಂದು ಚುಕ್ಕೆಯಾಗುತ್ತಾನೆ. ಕೀರ್ತಿಯ ದಿನಗಳಲ್ಲಿ ಸುರೇಶನನ್ನು ಸುತ್ತುವರಿಯುವ ಜನಸಂದಣಿ, ಅವನ ಪತನದ ದಿನಗಳಲ್ಲಿ ಶಾಂತಿಯನ್ನು ಸುತ್ತುವರಿದು ಅವಳು ಅವನನ್ನು ತಲುಪದಂತೆ ತಡೆಯುತ್ತದೆ. ಅಗಲ ಪರದೆ ಒಮ್ಮೆ ಬರಿದಾಗಿ, ಒಮ್ಮೆ ಕಿಕ್ಕಿರಿದು, ಎರಡು ಬಗೆಯಲ್ಲಿಯೂ ಇಬ್ಬರನ್ನು ದೂರವಿಡುವ ಸಾಧನವಾಗಿ ದುಡಿಯುತ್ತದೆ.

ಮಾತಿಗಿಂತ ವಸ್ತುಗಳ ಮೂಲಕ ಬಾಂಧವ್ಯವನ್ನು ಹೇಳುವುದು ಚಿತ್ರದ ಇನ್ನೊಂದು ಗುಣ. ಮಳೆಯ ರಾತ್ರಿಯ ಕೋಟು, ಶಾಂತಿ ಹೆಣೆಯುವ ಸ್ವೆಟರ್ ಇವು ಇಬ್ಬರ ನಡುವೆ ವಿನಿಮಯವಾಗುವ ಬೆಚ್ಚನೆಯ ಗುರುತುಗಳು. ಒಲವನ್ನು ಬಾಯಿಬಿಟ್ಟು ಹೇಳುವ ಹಕ್ಕು ಇಬ್ಬರಿಗೂ ಇಲ್ಲದಿರುವಲ್ಲಿ ಈ ಸಾಮಾನ್ಯ ಉಡುಪುಗಳೇ ಭಾಷೆಯಾಗುತ್ತವೆ. ಹಿಂದಿ ಚಿತ್ರಗಳಲ್ಲಿ ರೂಢಿಯಾಗಿದ್ದ ಪ್ರಣಯ ಸಂಭಾಷಣೆಯಾಗಲಿ, ಯುಗಳಗೀತೆಯಾಗಲಿ ಇಲ್ಲಿ ಪ್ರೇಮಿಗಳ ಪಾಲಿಗೆ ಒದಗಿಲ್ಲ ಎಂಬುದು ಗಮನಾರ್ಹ.

4. ಬಿಸಿಲುಕೋಲು

ಚಿತ್ರದ ಕಾವ್ಯಗುಣ ಸಾಂದ್ರವಾಗಿ ವ್ಯಕ್ತವಾಗಿರುವುದು ಗೀತಾ ದತ್ತ್ ಹಾಡಿರುವ ಗೀತೆಯ ದೃಶ್ಯದಲ್ಲಿ. ಸಾಹಿತ್ಯ ಕೈಫಿ ಆಜ್ಮಿ ಅವರದು, ಸಂಗೀತ ಎಸ್.ಡಿ. ಬರ್ಮನ್ ಅವರದು. ಕಾಲದ ಹೊಡೆತಕ್ಕೆ ಸಿಕ್ಕಿ ತಾವು ತಾವಾಗಿ ಉಳಿಯದ ಇಬ್ಬರ ಅಳಲು ಗೀತೆಯ ವಸ್ತು. ತೆರೆಯ ಮೇಲೆ ಯಾರ ತುಟಿಯೂ ಅಲುಗುವುದಿಲ್ಲ. ಖಾಲಿ ಸ್ಟುಡಿಯೊದಲ್ಲಿ ಸುರೇಶ್ ಮತ್ತು ಶಾಂತಿ ದೂರ ದೂರ ನಿಂತಿದ್ದಾರೆ. ಮೇಲಿನಿಂದ ಒಂದು ದಪ್ಪನೆಯ ಬೆಳಕಿನ ಕೋಲು ಓರೆಯಾಗಿ ಇಳಿದು ಕತ್ತಲೆಯನ್ನು ಸೀಳಿದೆ. ಇಬ್ಬರ ಪಾರದರ್ಶಕ ಆಕೃತಿಗಳು ಅವರವರ ಶರೀರಗಳಿಂದ ಹೊರಬಂದು ಬೆಳಕಿನಲ್ಲಿ ಪರಸ್ಪರ ಸಮೀಪಿಸುತ್ತವೆ. ಶರೀರಗಳು ಮಾತ್ರ ನಿಂತಲ್ಲಿಯೇ ನಿಂತಿರುತ್ತವೆ. ಒಲವು ಸಂಧಿಸಿದೆ, ಒಲಿದವರು ಸಂಧಿಸಿಲ್ಲ ಎಂಬ ಅರ್ಥವನ್ನು ಎರಡು ಬಿಂಬಗಳ ಮೇಲುಹೊದಿಕೆಯೆಂಬ ಹಳೆಯ, ಸರಳ ತಂತ್ರದಿಂದ ಸಾಧಿಸಿರುವುದು ಇಲ್ಲಿನ ವಿಶೇಷ.

ಆ ಬೆಳಕಿನ ಕೋಲನ್ನು ಸ್ಟುಡಿಯೊದ ವಿದ್ಯುದ್ದೀಪಗಳಿಂದ ಪಡೆಯುವುದು ಸಾಧ್ಯವಿರಲಿಲ್ಲ. ದೀಪದ ಬೆಳಕು ದೂರ ಹೋದಂತೆ ಹರಡಿಕೊಳ್ಳುತ್ತದೆ; ಬಹುದೂರದಿಂದ ಬರುವ ಸೂರ್ಯನ ಕಿರಣಗಳು ಮಾತ್ರ ಸಮಾನಾಂತರವಾಗಿ, ಅಂಚು ಕೆಡದಂತೆ ಇಳಿಯುತ್ತವೆ. ಮೂರ್ತಿ ಕಂಡುಕೊಂಡ ಪರಿಹಾರ ದೊಡ್ಡ ಕನ್ನಡಿಗಳದು. ಸ್ಟುಡಿಯೊದ ಹೊರಗೆ ಬಿಸಿಲಿನಲ್ಲಿ ಇರಿಸಿದ ಕನ್ನಡಿಯಿಂದ ಬೆಳಕನ್ನು ಒಳಕ್ಕೆ ತಿರುಗಿಸಿ, ಮೇಲಟ್ಟದಲ್ಲಿದ್ದ ಇನ್ನೊಂದು ಕನ್ನಡಿಯ ಮೂಲಕ ಅದನ್ನು ನೆಲಕ್ಕೆ ಇಳಿಸಿದರು. ಕಿರಣ ಕಣ್ಣಿಗೆ ಕಾಣುವಂತೆ ಒಳಗೆ ಹೊಗೆಯನ್ನು ತುಂಬಿಸಲಾಯಿತು. ಸೂರ್ಯ ಸರಿದಂತೆ ಕನ್ನಡಿಯ ಓರೆಯನ್ನು ಸರಿಪಡಿಸಬೇಕಾದ ಈ ವಿಧಾನ ತಾಳ್ಮೆಯನ್ನು ಬೇಡುವಂಥದ್ದು. ಉಮಾ ರಾವ್ ಅವರು ಮೂರ್ತಿ ಅವರ ಬದುಕನ್ನು ಕುರಿತು ಕನ್ನಡದಲ್ಲಿ ರಚಿಸಿದ ಕೃತಿಗೆ ‘ಬಿಸಿಲು ಕೋಲು’ ಎಂಬ ಹೆಸರನ್ನು ಇಟ್ಟಿರುವುದು ಈ ದೃಶ್ಯ ಪಡೆದ ಖ್ಯಾತಿಗೆ ನಿದರ್ಶನ. ಹಳೆಯ ಹೆಂಚಿನ ಮನೆಗಳ ಬೆಳಕಿಂಡಿಯಿಂದ ಇಳಿಯುವ ಕಿರಣಕ್ಕೆ ಕನ್ನಡಿಗರು ಇಟ್ಟ ಹೆಸರು ಹೀಗೆ ಬೊಂಬಾಯಿಯ ಸ್ಟುಡಿಯೊದ ಕಿರಣಕ್ಕೂ ಒಪ್ಪಿತು.

ಈ ಕಿರಣವು ಅಲಂಕಾರಕ್ಕಾಗಿ ತಂದದ್ದಲ್ಲ. ಚಿತ್ರಮಂದಿರದ ಪ್ರದರ್ಶಕ ಯಂತ್ರದಿಂದ ಪರದೆಯತ್ತ ಕತ್ತಲೆಯನ್ನು ಸೀಳಿಕೊಂಡು ಹೋಗುವ ಕಿರಣವನ್ನು ಅದು ನೆನಪಿಗೆ ತರುತ್ತದೆ. ಸುರೇಶ್ ಮತ್ತು ಶಾಂತಿ ಸಂಧಿಸಲು ಸಾಧ್ಯವಿರುವುದು ಆ ಬೆಳಕಿನಲ್ಲಿ, ಅಂದರೆ ಚಿತ್ರದೊಳಗೆ ಮಾತ್ರ. ಅದರ ಹೊರಗೆ ಅವನು ಪರಿತ್ಯಕ್ತ ಗಂಡ, ಅವಳು ಗಾಳಿಮಾತಿಗೆ ಸಿಕ್ಕ ಹೆಣ್ಣು. ಕಾಗದದ ಹೂಗಳೆಂಬ ಶೀರ್ಷಿಕೆಯ ಧ್ವನಿಯೂ ಇದೇ: ಕಂಪಿಲ್ಲದ ಹೂವನ್ನು ಅರಸಿ ಬಂದ ದುಂಬಿಗೆ ದೊರೆಯುವುದು ಬಣ್ಣ ಮಾತ್ರ.

5. ಚಿತ್ರದ ಮಿತಿಗಳು

ಕೃತಿಯ ಗುಣವನ್ನು ಗುರುತಿಸುವಾಗ ಮಿತಿಗಳನ್ನು ಮರೆಯಬಾರದು. ಸುರೇಶನ ಹೆಂಡತಿ ವೀಣಾ ಮತ್ತು ಅವಳ ತವರಿನವರ ಚಿತ್ರಣ ಏಕಮುಖವಾದದ್ದು. ಅವರ ಪಾಶ್ಚಾತ್ಯ ರೀತಿ, ಸಾಕುನಾಯಿಗಳ ಮೇಲಿನ ಅಕ್ಕರೆ, ಇಂಗ್ಲಿಷ್ ಬೆರೆತ ಮಾತು ಇವೆಲ್ಲ ಗೇಲಿಯ ಸಾಮಗ್ರಿಯಾಗುತ್ತವೆ. ಸದಾ ಸ್ಟುಡಿಯೊದಲ್ಲಿಯೇ ಇರುವ ಗಂಡನೊಂದಿಗೆ ಬಾಳಲಾಗದ ಹೆಣ್ಣಿನ ನೋವು ಏನಿದ್ದೀತೆಂದು ಚಿತ್ರ ಕೇಳುವುದಿಲ್ಲ. ‘ಮಿಸ್ಟರ್ ಅಂಡ್ ಮಿಸೆಸ್ 55’ರಲ್ಲಿಯೂ ಕಾಣುವ ಈ ಪೂರ್ವಗ್ರಹ ಇಲ್ಲಿ ಹೆಚ್ಚು ಹಾನಿ ಮಾಡಿದೆ, ಏಕೆಂದರೆ ವಿರಹಕ್ಕೆ ಕಾರಣವಾದ ಸಾಮಾಜಿಕ ಬಲಗಳು ಒಂದು ಮನೆತನದ ದುರಭಿಮಾನವಾಗಿ ಕುಗ್ಗುತ್ತವೆ. ಜಾನಿ ವಾಕರ್ ವಹಿಸಿರುವ ರಾಕಿ ಪಾತ್ರದ ಹಾಸ್ಯಪ್ರಸಂಗಗಳು ಆ ಕಾಲದ ಮಾರುಕಟ್ಟೆಯ ಬೇಡಿಕೆಗೆ ಸಂದ ಕಪ್ಪ. ಮುಖ್ಯ ಕಥನದ ಲಯಕ್ಕೆ ಅವು ಹೊಂದಿಕೊಳ್ಳುವುದಿಲ್ಲ. ಸುರೇಶನ ಪತನವನ್ನು ಚಿತ್ರಿಸುವ ಭಾಗಗಳಲ್ಲಿ ಆತ್ಮಾನುಕಂಪ ಹೆಚ್ಚಾಗಿದೆಯೆಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ.

ಇದಕ್ಕೆ ಪ್ರತಿಯಾಗಿ ಎರಡು ಸ್ತ್ರೀಪಾತ್ರಗಳು ಚಿತ್ರವನ್ನು ಎತ್ತಿಹಿಡಿಯುತ್ತವೆ. ಬೇಬಿ ನಾಜ್ ಅಭಿನಯಿಸಿದ ಪಮ್ಮಿ ಹಟಮಾರಿ ಮಗುವಲ್ಲ. ತಂದೆತಾಯಿಯನ್ನು ಮತ್ತೆ ಒಂದುಗೂಡಿಸುವ ಹೊಣೆಯನ್ನು ವಯಸ್ಸಿಗೆ ಮೀರಿ ಹೊತ್ತವಳು. ಅವಳ ಬೇಡಿಕೆ ನ್ಯಾಯವಾದದ್ದು. ಆದರೆ ಅದರ ಫಲ ಘೋರವಾದದ್ದು. ವಹೀದಾ ರೆಹಮಾನ್ ಅಭಿನಯಿಸಿದ ಶಾಂತಿ ಪ್ರಸಿದ್ಧಿಯ ಶಿಖರದಲ್ಲಿ ಅದನ್ನು ಬಿಟ್ಟು ಹೋಗಬಲ್ಲವಳು. ತಾನು ಆಡಿದ ಮಾತಿಗೆ ಬದ್ಧಳಾಗಿ ನಡೆಯುವ ಅವಳೆದುರು ಸುರೇಶನ ಸ್ವಾಭಿಮಾನ ಸ್ವಲ್ಪ ಮಂಕಾಗಿಯೇ ಕಾಣುತ್ತದೆ. ಚಿತ್ರ ಉದ್ದೇಶಿಸಿತ್ತೋ ಇಲ್ಲವೋ, ಇಂದಿನ ಓದಿಗೆ ಒಡ್ಡಿಕೊಳ್ಳುವ ಮುಖ್ಯ ಅಂಶ ಇದು.

6. ಸೋಲಿನ ಚರಿತ್ರೆ ಮತ್ತು ದಂತಕಥೆ

ಚಿತ್ರ ಗಳಿಕೆಯಲ್ಲಿ ಸಂಪೂರ್ಣವಾಗಿ ಸೋತಿತು. ಕಾರಣಗಳನ್ನು ಒಂದೇ ನೆಲೆಯಲ್ಲಿ ಹುಡುಕುವುದು ಸರಿಯಲ್ಲ. ‘ಪ್ಯಾಸಾ’ ಚಿತ್ರದ ಕವಿ ವಿಜಯ್ ಬಡವ. ಅವನ ದುಃಖದಲ್ಲಿ ಪ್ರೇಕ್ಷಕ ತನ್ನ ಪಾಲನ್ನು ಕಂಡನು. ಬಂಗಲೆ, ಕಾರು, ಕೀರ್ತಿ ಎಲ್ಲವೂ ಇದ್ದ ನಿರ್ದೇಶಕನ ಅಳಲು ಸಾಮಾನ್ಯ ಪ್ರೇಕ್ಷಕನಿಗೆ ತನ್ನದೆನಿಸಲಿಲ್ಲ. ಆಧುನಿಕ ವಿರಹಕ್ಕೆ ಒಬ್ಬ ಖಳನಾಯಕನಿರದಿರುವುದು, ಪ್ರೇಮಿಗಳು ಬಾಯಿಬಿಟ್ಟು ಮಾತನಾಡದಿರುವುದು, ಕಡೆಯವರೆಗೂ ಸಮಾಧಾನ ದೊರೆಯದಿರುವುದು ಇವೂ ಕಾರಣಗಳೇ. ಇದರ ಮೇಲೆ, ಸಿನಿಮಾಸ್ಕೋಪ್ ಪರದೆ ಮತ್ತು ಮಸೂರಗಳನ್ನು ಅಳವಡಿಸಿಕೊಂಡ ಚಿತ್ರಮಂದಿರಗಳು ಆಗ ದೇಶದಲ್ಲಿ ವಿರಳವಾಗಿದ್ದವು. ಅಗಲವನ್ನೇ ಅರ್ಥವಾಗಿಸಿಕೊಂಡ ಚಿತ್ರಕ್ಕೆ ಇದು ದೊಡ್ಡ ತೊಡಕಾಗಿತ್ತು.

ವೃತ್ತಿಬಾಂಧವರ ಮನ್ನಣೆ ಮಾತ್ರ ತಪ್ಪಲಿಲ್ಲ. ಛಾಯಾಗ್ರಹಣಕ್ಕಾಗಿ ಮೂರ್ತಿ ಅವರಿಗೂ ಕಲಾ ನಿರ್ದೇಶನಕ್ಕಾಗಿ ಆಚ್ರೇಕರ್ ಅವರಿಗೂ ಫಿಲ್ಮ್‌ಫೇರ್ ಪ್ರಶಸ್ತಿಗಳು ಸಂದವು. ಎಸ್.ಡಿ. ಬರ್ಮನ್ ಇದಾದ ಮೇಲೆ ಗುರುದತ್ತ್ ಅವರ ಚಿತ್ರಗಳಿಗೆ ಸಂಗೀತ ನೀಡಲಿಲ್ಲ. ಗುರುದತ್ತ್ ಮತ್ತೆ ಯಾವ ಚಿತ್ರಕ್ಕೂ ನಿರ್ದೇಶಕರಾಗಿ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ.

ದಂತಕಥೆ ಹುಟ್ಟುವುದು ಇಲ್ಲಿಂದ. 1964ರ ಅಕ್ಟೋಬರ್ 10ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಗುರುದತ್ತ್ ನಿಧನರಾದಾಗ ‘ಕಾಗಜ್ ಕೆ ಫೂಲ್’ ಅವರ ಮರಣದ ಮುನ್ಸೂಚನೆಯೆಂಬಂತೆ ತೋರತೊಡಗಿತು. 1953ರಲ್ಲಿ ವಿವಾಹವಾದ ಗಾಯಕಿ ಗೀತಾ ರಾಯ್ ಅವರೊಡನೆ ಅವರ ದಾಂಪತ್ಯದಲ್ಲಿ ಉಂಟಾದ ಬಿರುಕು ಈ ಓದಿಗೆ ಪುಷ್ಟಿ ನೀಡಿತು. ಆದರೆ ಕಾಲಾನುಕ್ರಮವನ್ನು ಪರಿಶೀಲಿಸಿದರೆ ಬೇರೆಯೇ ಚಿತ್ರ ದೊರೆಯುತ್ತದೆ. ಸೋಲಿನ ಮರುವರ್ಷವೇ ಅವರು ನಿರ್ಮಿಸಿದ, ಎಂ. ಸಾದಿಕ್ ನಿರ್ದೇಶನದ ‘ಚೌದ್ವೀ ಕಾ ಚಾಂದ್’ (1960) ಭಾರಿ ಯಶಸ್ಸು ಗಳಿಸಿತು. ಅಬ್ರಾರ್ ಅಲ್ವಿ ನಿರ್ದೇಶಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ವಿಮರ್ಶಕರ ಮೆಚ್ಚುಗೆಯನ್ನು ಪಡೆದು, 1963ರ ಬರ್ಲಿನ್ ಚಿತ್ರೋತ್ಸವಕ್ಕೆ ಹೋಯಿತು. ಮೂರ್ತಿ ಅವರಿಗೆ ಎರಡನೆಯ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ತಂದಿತು. 1959 ಮತ್ತು 1964ರ ನಡುವೆ ಗುರುದತ್ತ್ ಸುರೇಶ್ ಸಿನ್ಹಾನಂತೆ ಬೀದಿಗೆ ಬೀಳಲಿಲ್ಲ. ನಿರ್ಮಾಪಕರಾಗಿ, ನಟರಾಗಿ ಬೇಡಿಕೆಯಲ್ಲಿದ್ದರು. ಚಿತ್ರದ ಸೋಲೇ ಅವರನ್ನು ಕೊಂದಿತೆಂಬ ಮಾತು ಭಾವುಕರಿಗೆ ರುಚಿಸಬಹುದು. ಚರಿತ್ರೆಯ ಆಧಾರ ಅದಕ್ಕಿಲ್ಲ. ಸುರೇಶನ ಪಾತ್ರದ ಹಿಂದೆ ಗುರುದತ್ತ್ ಅವರ ಗುರು, ‘ಕಿಸ್ಮತ್’ (1943) ಖ್ಯಾತಿಯ ಜ್ಞಾನ್ ಮುಖರ್ಜಿ ಅವರ ಬಾಳಿನ ನೆರಳಿದೆಯೆಂಬ ಅಭಿಪ್ರಾಯವೂ ಪ್ರಚಲಿತವಾಗಿದೆ. ಅದನ್ನು ಒಪ್ಪಿದರೆ ಚಿತ್ರವು ಭವಿಷ್ಯವಾಣಿಯಾಗದೆ ಹಿಂದಿನ ಪೀಳಿಗೆಗೆ ಸಲ್ಲಿಸಿದ ಗೌರವವಾಗುತ್ತದೆ.

ಮರುಮೌಲ್ಯಮಾಪನವೂ ತಾನಾಗಿ ನಡೆದದ್ದಲ್ಲ; ವಿದ್ವಾಂಸರ ಶ್ರಮದಿಂದ ನಡೆದದ್ದು. ಮರಾಠಿಯಲ್ಲಿ ಅರುಣ್ ಖೋಪ್ಕರ್ 1985ರಲ್ಲಿ ಪ್ರಕಟಿಸಿದ, ಗುರುದತ್ತ್ ಅವರ ಚಿತ್ರಗಳನ್ನು ಮೂರು ಅಂಕಗಳ ದುರಂತವಾಗಿ ಓದಿದ ಗ್ರಂಥ ರಾಷ್ಟ್ರಪ್ರಶಸ್ತಿ ಪಡೆಯಿತು. ನಸ್ರೀನ್ ಮುನ್ನಿ ಕಬೀರ್ ಅವರು 1989ರಲ್ಲಿ ಬ್ರಿಟನ್ನಿನ ಚಾನೆಲ್ ಫೋರ್‌ಗಾಗಿ ನಿರ್ಮಿಸಿದ ಸಾಕ್ಷ್ಯಚಿತ್ರ, 1996ರಲ್ಲಿ ಹೊರತಂದ ಜೀವನಚರಿತ್ರೆ ಇವು ಒಡನಾಡಿಗಳ ನೆನಪುಗಳನ್ನು ದಾಖಲಿಸಿದವು. ಯುರೋಪಿನ ಪ್ರದರ್ಶನಗಳು ಹೊಸ ಪ್ರೇಕ್ಷಕರನ್ನು ಒದಗಿಸಿದವು. 2025ರಲ್ಲಿ ಗುರುದತ್ತ್ ಜನ್ಮಶತಾಬ್ದಿ ಬಂದಾಗ ಅವರ ಚಿತ್ರಗಳು ಮತ್ತೆ ಚಿತ್ರಮಂದಿರಗಳ ದೊಡ್ಡ ಪರದೆಯ ಮೇಲೆ ಕಾಣಿಸಿಕೊಂಡವು.

7. ಸಮಾರೋಪ

ದಂತಕಥೆಯ ಇನ್ನೊಂದು ಪರಿಣಾಮವೆಂದರೆ ಕೃತಿಯ ಎಲ್ಲ ಗುಣಗಳೂ ಒಬ್ಬನ ದುರಂತ ಪ್ರತಿಭೆಗೆ ಸಲ್ಲುವುದು. ಭಾರತೀಯ ಚಲನಚಿತ್ರದ ಅತ್ಯುನ್ನತ ಗೌರವವಾದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಆರಂಭವಾದದ್ದು 1969ರಲ್ಲಿ. ಅದು ಮೊಟ್ಟಮೊದಲ ಬಾರಿಗೆ ಛಾಯಾಗ್ರಾಹಕರೊಬ್ಬರಿಗೆ ದೊರೆತದ್ದು 2008ನೆಯ ಸಾಲಿನಲ್ಲಿ. ಆ ಛಾಯಾಗ್ರಾಹಕರು ವಿ.ಕೆ. ಮೂರ್ತಿ. ನಾಲ್ಕು ದಶಕಗಳ ಕಾಲ ಕ್ಯಾಮೆರಾದ ಹಿಂದಿನವರಿಗೆ ಈ ಮನ್ನಣೆ ಒದಗಲಿಲ್ಲವೆಂಬುದು ಭಾರತೀಯ ಚಲನಚಿತ್ರ ಚರಿತ್ರೆಯ ರಚನಾಕ್ರಮದ ಮೇಲೆಯೇ ಒಂದು ಟಿಪ್ಪಣಿ. ತ್ರಿವೇಣಿ ಅವರ ಕಾದಂಬರಿಯನ್ನು ಆಧರಿಸಿದ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ‘ಹೂವು ಹಣ್ಣು’ (1993) ಚಿತ್ರದ ಮೂಲಕ ಕನ್ನಡಕ್ಕೂ ತಮ್ಮ ಬೆಳಕನ್ನು ನೀಡಿದ ಮೂರ್ತಿ, ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 2014ರ ಏಪ್ರಿಲ್ 7ರಂದು ನಿಧನರಾದರು.

ಈ ಎಲ್ಲ ಅಂಶಗಳನ್ನು ಒಟ್ಟಾಗಿ ಗಮನಿಸಿದಾಗ ‘ಕಾಗಜ್ ಕೆ ಫೂಲ್’ ಒಬ್ಬ ವ್ಯಕ್ತಿಯ ಮರಣಪತ್ರವೆಂಬ ನಿಲುವು ಸಡಿಲವಾಗುತ್ತದೆ. ಅದು ಒಂದು ಉದ್ಯಮ ತನ್ನ ಹಳೆಯ ಮನೆಯನ್ನು ಕಳೆದುಕೊಂಡ ಗಳಿಗೆಯ ದಾಖಲೆ. ಆಮದಾದ ತಂತ್ರವೊಂದನ್ನು ವೈಭವದಿಂದ ವಿರಹಕ್ಕೆ ತಿರುಗಿಸಿದ ಪ್ರಯೋಗ. ಲೇಖಕ, ಕವಿ, ಸಂಗೀತಗಾರ, ಕಲಾ ನಿರ್ದೇಶಕ, ಛಾಯಾಗ್ರಾಹಕ, ನಟನಟಿಯರು ಕೂಡಿ ಕಟ್ಟಿದ ಕೃತಿ. ಅದನ್ನು ಹಾಗೆ ನೋಡುವುದರಿಂದ ಗುರುದತ್ತ್ ಅವರ ಸ್ಥಾನಕ್ಕೆ ಕುಂದಿಲ್ಲ. ಇತರರ ಕೈಕೆಲಸವನ್ನು ಒಂದು ಭಾವಕ್ಕೆ ಒಗ್ಗಿಸಬಲ್ಲ ನಿರ್ದೇಶಕನ ಶಕ್ತಿ ಅದರಿಂದ ಹೆಚ್ಚು ಸ್ಪಷ್ಟವಾಗಿಯೇ ತೋರುತ್ತದೆ. ಮೈಸೂರು ಸಂಸ್ಥಾನದ ತಾಂತ್ರಿಕ ಶಿಕ್ಷಣವು ಭಾರತೀಯ ಚಲನಚಿತ್ರಕ್ಕೆ ಒದಗಿಸಿದ ಛಾಯಾಗ್ರಾಹಕರ, ಶಬ್ದಗ್ರಾಹಕರ ಪರಂಪರೆಯನ್ನು ಕುರಿತು ಸಮಗ್ರವಾದ ಅಧ್ಯಯನ ನಡೆಯಬೇಕಾದದ್ದು ಈ ದಿಕ್ಕಿನಲ್ಲಿ ಮುಂದಿನ ಕೆಲಸ.